ಯಾರ್ಕಿನಲ್ಲಿ ಐದು ಮನೆ ಬೇಡಿದ್ದು

ಮಗಳು ಇಂಗ್ಲೆಂಡಿನ ಯಾರ್ಕ್ ಎಂಬ ಹಳೆಯ ಊರಿನಲ್ಲಿ ನರ್ಸು. ಬಾಣಂತನ ಮಾಡಲು ಹೋದೆ. ಮನೆಯಲ್ಲಿ ಬಾಣಂತಿ ಇದ್ದಳು, ತೊಟ್ಟಿಲು ಖಾಲಿ. ದಿನ ತುಂಬದೆ ಹುಟ್ಟಿದ ಕೂಸು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಮಿಷನ್ನು ಅದಕ್ಕೆ ಉಸಿರು ಹಾಕುತ್ತಿತ್ತು. ಅಳಿಯ ಅಲ್ಲೇ ಕಾವಲು ಕೂತಿದ್ದ.

ಊರಿನ ಸುತ್ತ ಕಲ್ಲಿನ ಕೋಟೆ. ನಾನು ಉಚ್ಚಂಗಿದುರ್ಗದವಳು, ಕೋಟೆ ಹೊಸದಲ್ಲ. ಆದರೆ ಅಲ್ಲಿ ನಮ್ಮೂರಿನಂತೆ ಗುಡ್ಡದ ಮೇಲೆ ತಾಯಿ ಉಚ್ಚಂಗೆಮ್ಮ ಇರಲಿಲ್ಲ, ಗುಡ್ಡವೇ ಇರಲಿಲ್ಲ.

ಕೂಸು ಕೈಬಿಟ್ಟು ಹೋಗುವಂತಾದರೆ ನಮ್ಮ ಮನೆತನದಲ್ಲಿ ಅಜ್ಜಿಯಾದವಳು ಮಂಗಳವಾರವೋ ಶುಕ್ರವಾರವೋ ಐದು ಮನೆ ಧಾನ್ಯ ಬೇಡಿ, ಬೇಯಿಸಿ, ಉಚ್ಚಂಗೆಮ್ಮನಿಗೆ ಎಡೆ ಹಿಡಿಯುತ್ತಾಳೆ. ಸ್ವಂತ ಮನೆಯದು ಲೆಕ್ಕಕ್ಕಿಲ್ಲ. ಮಂಗಳವಾರ ಹಣೆ ತುಂಬ ಅರಿಸಿನದ ಭಂಡಾರ ಬಳಿದುಕೊಂಡು ತಟ್ಟೆ ಹಿಡಿದೆ.

"ಅವ್ವ, ಮಾನ ಕಳಿಬ್ಯಾಡ. ಪೊಲೀಸರನ್ನ ಕರೀತಾರ."

"ಕರೀಲಿ. ಅವರ ಮನಿಯಾಗೂ ಅಕ್ಕಿ ಇರ್ತೈತಿ, ಕೇಳ್ತೀನಿ."

ಓಣಿಯ ಮನೆಗಳೆಲ್ಲ ಒಂದೇ ಇಟ್ಟಿಗೆ, ಒಂದಕ್ಕೊಂದು ಅಂಟಿಕೊಂಡಿದ್ದವು. ಬಾಗಿಲಲ್ಲಿ ಕೂತವರು ಒಬ್ಬರೂ ಇಲ್ಲ. ಮೊದಲ ಮನೆಯವನು ಹಸಿದವಳೆಂದು ತಿಳಿದು ಬ್ರೆಡ್ಡು ಕೊಟ್ಟ. ಅದೂ ಗೋಧಿಯದೇ ತಾನೆ, ತಗೊಂಡೆ. ಪಕ್ಕದಲ್ಲಿ ಕಾಳಿನ ಡಬ್ಬಿ ಸಿಕ್ಕಿತು. ಒಬ್ಬಾಕೆ ನನ್ನ ಹಣೆ ನೋಡಿ ಬಾಗಿಲು ಹಾಕಿಕೊಂಡಳು. ಅದರಾಚೆ ಒಬ್ಬ ಹುಡುಗಿ ಅಕ್ಕಿಯನ್ನೇ ತಂದಳು. ಕೋಲು ಹಿಡಿದ ಮುದುಕಿಯೊಬ್ಬಳಿಗೆ ಬರಿ ತೋಳಲ್ಲಿ ಕೂಸು ತೂಗಿ ತೋರಿಸಿ, ಆಸ್ಪತ್ರೆಯ ಕಡೆ ಕೈ ಮಾಡಿದೆ. ಅವಳು ಓಟ್ಸು ಒಂದು ಹಿಡಿ ನೀಡಿ, ನನ್ನ ಮುಂಗೈ ಹಿಡಿದವಳು ಬಿಡಲೇ ಇಲ್ಲ. ನಾನೇ ಬಿಡಿಸಿಕೊಂಡೆ. ಇನ್ನೂ ಒಂದು ಮನೆ ಬೇಕಿತ್ತು.

ಆಮೇಲೆ ಯಾವ ಬಾಗಿಲೂ ತೆರೆಯಲಿಲ್ಲ. ಓಣಿ ಮುಗಿಯಿತು, ಮಳೆ ಹಿಡಿಯಿತು. ನಾಲ್ಕಕ್ಕೇ ನಿಂತರೆ ಹರಕೆ ಕೆಟ್ಟಂತೆ. ತಿರುಗಿ ಬಂದು ಮಗಳ ಹೊಸ್ತಿಲ ಹೊರಗೇ ನಿಂತು ತಟ್ಟೆ ಚಾಚಿದೆ.

"ಒಳಗ ಬಾ ಅವ್ವ, ನೆನೀತಿದ್ದಿ."

"ಇದು ನಿನ್ನ ಗಂಡನ ಮನಿ, ನನ್ನದಲ್ಲ. ಕೊಟ್ಟ ಹೆಣ್ಣಿನ ಮನಿ ಮಂದಿ ಮನಿನೇ. ಐದನೇದು ನೀನು ನೀಡು."

"ನಾನು ನರ್ಸ್ ಅದೀನಿ. ಇದರಿಂದ ಏನೂ ಆಗಂಗಿಲ್ಲ, ನನಗ ಗೊತ್ತೈತಿ," ಎಂದು ಬೈದಳು. ಬೈಯುತ್ತಲೇ ಬೊಗಸೆ ತುಂಬ ಅಕ್ಕಿ ತಂದು ಸುರಿದಳು.

ಎಲ್ಲ ಸೇರಿಸಿ ಬೇಯಿಸಿದೆ. ಗಂಜಿಯೂ ಅಲ್ಲ, ಅನ್ನವೂ ಅಲ್ಲ. ಎಡೆ ಹಿಡಿದು ಇಬ್ಬರೂ ಉಂಡೆವು. ಸಂಜೆ ಅಳಿಯ ಫೋನ್ ಮಾಡಿ, "ಹಂಗೇ ಐತಿ ಅತ್ತಿ," ಎಂದ.

ಶುಕ್ರವಾರ ಮತ್ತೆ ತಟ್ಟೆ ಹಿಡಿದೆ. ಮಗಳು ಹೊಟ್ಟೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಹಿಂದೆಯೇ ಬಂದಳು.

"ಈ ಓಣಿ ಬ್ಯಾಡ ಅವ್ವ," ಎಂದಳು. "ಆ ಕಲ್ಲಿನ ಕೋಟಿ ಆಚೆ ಮನಿ ಭಾಳ ಅದಾವ."