ಕಟ್ಟಿದ ಮನೆ ತೊಳೆದು ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಅಲ್ಲಿಗೇ ಮಾತು ನಿಲ್ಲಿಸಿದ್ದು ಯಾಕೆಂದು ನನಗೆ ಈಚೆಗೆ ಗೊತ್ತಾಯಿತು. ಗಾದೆ ಕಟ್ಟುವ ಕೆಲಸ ಗಂಡಸರ ಪಾಲಿಗೆ ಬಿದ್ದಿತ್ತು, ಕಟ್ಟಿದ ಮನೆ ತೊಳೆಯುವ ಕೆಲಸ ಹೆಂಗಸರ ಪಾಲಿಗೆ. ಪೊರಕೆ ಹಿಡಿದ ಕೈಗೆ ಗಾದೆ ಕಟ್ಟಲು ಪುರುಸೊತ್ತೆಲ್ಲಿ? ಇರಲಿ, ಅವರು ಬಿಟ್ಟದ್ದನ್ನು ನಾನು ಸೇರಿಸುತ್ತೇನೆ. ಕಟ್ಟಿದ ಮನೆ ತೊಳೆದು ನೋಡು.

ನನಗೆ ಮೊದಲಿನಿಂದಲೂ ಚೊಕ್ಕಟದ ಹುಚ್ಚು ಇದೆ ಎಂಬುದನ್ನು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ನಾನು ಪ್ರೈಮರಿ ಸ್ಕೂಲ್ ಮೇಡಂ. ಕ್ಲಾಸಿಗೆ ಹೋದರೆ ಬೋರ್ಡು ನೋಡುವುದಕ್ಕಿಂತ ಮೊದಲು ಮೂಲೆ ನೋಡುತ್ತೇನೆ. ನೆಂಟರ ಮನೆಗೆ ಹೋಗಿ ಕಾಫಿ ಕುಡಿಯುತ್ತಲೇ, ಯಾರೂ ನೋಡದ ಹಾಗೆ, ಕಾಲ ಹೆಬ್ಬೆರಳಿನಲ್ಲಿ ಅವರ ಡೋರ್‌ಮ್ಯಾಟ್ ಸರಿಮಾಡುತ್ತೇನೆ. ಯಾರಾದರೂ ನೋಡಿಬಿಟ್ಟರೆ ಕಾಲು ಜೋಮು ಹಿಡಿದವಳ ಹಾಗೆ ಮುಖ ಮಾಡುತ್ತೇನೆ.

ಈ ಹುಚ್ಚಿಗೆ ಬಾಡಿಗೆ ಮನೆಗಳು ಸಾಕಷ್ಟು ಮೇವು ಹಾಕಿದವು. ವರ್ಗವಾದಲ್ಲೆಲ್ಲ ಒಂದು ಮನೆ, ಮನೆ ಸಿಕ್ಕಿದಲ್ಲೆಲ್ಲ ಹಿಂದಿನವರ ಕೊಳೆ. ಕೊಳೆ ಎಂದರೆ ಬರೀ ಕೊಳೆಯಲ್ಲ ನೋಡಿ, ಹಿಂದೆ ಇದ್ದವರ ಅರ್ಧ ಜಾತಕ. ಸಿರಾದಲ್ಲಿ ನಮಗೆ ಸಿಕ್ಕ ಮನೆಯ ಕಪಾಟು ತೆಗೆದರೆ ಘಮ್ಮೆಂದು ಅತ್ತರಿನ ವಾಸನೆ. ಎಷ್ಟು ಒರೆಸಿದರೂ ಹೋಗಲಿಲ್ಲ, ಆಮೇಲೆ ನಾನೇ ಒರೆಸುವುದು ಬಿಟ್ಟೆ. ಮೂರು ವರ್ಷ ನನ್ನ ಕಾಟನ್ ಸೀರೆಗಳೆಲ್ಲ ಯಾರದೋ ಮದುವೆಗೆ ಹೊರಟ ಹಾಗಿದ್ದವು. ಪಾವಗಡದ ಮನೆಯಲ್ಲಿ ಬಕೆಟ್ಟು, ನಲ್ಲಿ, ಗೋಡೆ ಎಲ್ಲಕ್ಕೂ ಬೋರ್‌ವೆಲ್ ನೀರಿನ ಬಿಳಿ ಪದರ. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ನಮ್ಮ ಮನೆಯ ಸಾರಿಗೆ ಹುಣಸೆಹಣ್ಣೇ ಉಳಿಯುತ್ತಿರಲಿಲ್ಲ. ಕೊರಟಗೆರೆಯ ಮನೆಯಲ್ಲಿ ಬಾಗಿಲ ಪಟ್ಟಿಯ ಮೇಲೆ ಯಾವುದೋ ಮಗುವಿನ ಎತ್ತರವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದ್ದರು. ಒರೆಸಲು ಒದ್ದೆಬಟ್ಟೆ ಹಿಡಿದು ಹೋದವಳು ಅದರ ಸುತ್ತ ಮಾತ್ರ ಒರೆಸಿ ಬಂದೆ.

ಆದರೆ ಕೊರಟಗೆರೆ ಎಂದರೆ ನನಗೆ ನೆನಪಾಗುವುದು ಆ ಮನೆಯ ಓನರಮ್ಮ. ತಿಂಗಳಿಗೊಮ್ಮೆ ಬಂದು ಕುಶಲ ಕೇಳುತ್ತ ಕಿಟಕಿಯ ಪಟ್ಟಿಯ ಮೇಲೆ ಬೆರಳಾಡಿಸುವರು. ಬಗ್ಗಿ ನೆಲ ನೋಡುವರು. ಗೋಡೆಗೆ ಮೊಳೆ ಹೊಡೆದರೆ ಅವರ ಎದೆಗೇ ಹೊಡೆದ ಹಾಗೆ. ಹಾಗಾಗಿ ನಮ್ಮ ಮದುವೆಯ ಫೋಟೋ ಗೋಡೆ ಹತ್ತದೆ ಮಂಚದ ಕೆಳಗೇ ಮಲಗಿ ಸಂಸಾರ ಮಾಡಿತು. ಒಮ್ಮೆ ರುಬ್ಬುಗುಂಡು ಜಾರಿ ನೆಲದ ಮೇಲೊಂದು ಚೂರು ಎದ್ದಾಗ, ಅದರ ಮೇಲೆ ಚಾಪೆ ಹಾಸಿ, ಚಾಪೆಯ ಮೇಲೆ ಅತ್ತೆಯನ್ನು ಕೂರಿಸಿ, ಓನರಮ್ಮನಿಗೆ ಕಾಫಿ ಕೊಟ್ಟು ಕಳಿಸಿದ್ದೆ. ಅತ್ತೆ ಆವತ್ತು ಕದಲದೆ ಕೂತ ಹಾಗೆ ದೇವಸ್ಥಾನದಲ್ಲೂ ಕೂತವರಲ್ಲ.

ಈಗ ಕಡೆಗೂ ಮಧುಗಿರಿಯಲ್ಲಿ, ಟೆರೇಸು ಹತ್ತಿದರೆ ಬೆಟ್ಟ ಪೂರ್ತಿ ಕಾಣುವ ಜಾಗದಲ್ಲಿ, ನಮ್ಮದೇ ಒಂದು ಮನೆ ಎದ್ದಿತು. ಸಂತೋಷದ ಜೊತೆಗೆ ನನಗೊಂದು ಅಚ್ಚರಿಯೂ ಕಾದಿತ್ತು. ಯಾರೂ ಇದ್ದಿರದ ಮನೆಯಲ್ಲಿ ಎಷ್ಟೊಂದು ಕೊಳೆ! ನೆಲದ ತುಂಬ ಸಿಮೆಂಟಿನ ಹನಿ, ಪೇಂಟಿನ ಹನಿ, ಬಡಗಿಯ ಹೊಟ್ಟು, ಕಿಟಕಿ ಗಾಜಿನ ಮೇಲೆ ಸುಲಿಯಲು ಬಾರದ ಸ್ಟಿಕ್ಕರು. ಅಟ್ಟದ ಮೇಲೆ ಬೀಡಿಯ ತುಂಡುಗಳು, ಅವುಗಳ ಪಕ್ಕ ಒಂದೇ ಒಂದು ಚಪ್ಪಲಿ. ಒಂಟಿ ಚಪ್ಪಲಿ ಬಿಟ್ಟು ಆ ಮಹರಾಯ ಮನೆಗೆ ಹೇಗೆ ನಡೆದುಹೋದ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ಗೃಹಪ್ರವೇಶಕ್ಕೆ ಒಂದು ವಾರ ಇತ್ತು. ಆಗ ನಮ್ಮ ಯಜಮಾನರು ರಂಗಕ್ಕೆ ಇಳಿದರು. ಇವರಿಗೆ ಪಾವಗಡದ ಕಡೆ, ಬಲಸಮುದ್ರದ ಹತ್ತಿರದ ಸೋಲಾರ್ ಪಾರ್ಕಿನಲ್ಲಿ ಕೆಲಸ. ಯಾರಾದರೂ ಕೇಳಿದರೆ ಕರೆಂಟು ತಯಾರಿಸುತ್ತೇನೆ ಎನ್ನುತ್ತಾರೆ. ನಿಜವಾಗಿ ಕರೆಂಟು ತಯಾರಿಸುವವನು ಸೂರ್ಯ. ಇವರು ಪ್ಯಾನೆಲ್ ತೊಳೆಸುತ್ತಾರೆ. ಕಣ್ಣು ಹಾಯುವಷ್ಟು ದೂರ ಹಾಸಿದ ಗಾಜಿನ ಹಲಗೆಗಳ ಮೇಲೆ ಒಂದು ಪದರ ಧೂಳು ಕೂತರೂ ಕರೆಂಟು ಕಡಿಮೆಯಾಗುತ್ತದಂತೆ. ಹೀಗಾಗಿ ಮನೆಯಲ್ಲೂ ಇವರದೊಂದೇ ಮಂತ್ರ, "ಧೂಳು ಅಂದ್ರೆ ಲಾಸು ಕಣೇ." ಮನೆಯ ನೆಲದಿಂದ ಯಾವ ಕರೆಂಟು ಬರಬೇಕಿತ್ತೋ ನನಗೆ ತಿಳಿಯದು. ಆದರೆ ಹುಚ್ಚಿಗೆ ಹುಚ್ಚು ಜೋಡಿಯಾದಾಗ ಪ್ರಶ್ನೆ ಕೇಳುವವರು ಯಾರು?

ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಓಬಳಮ್ಮ ಮತ್ತು ಅವಳ ತಂಗಿಯನ್ನು ವಾರದ ಮಟ್ಟಿಗೆ ರಜೆ ಹಾಕಿಸಿ ಕರೆದುಕೊಂಡು ಬಂದರು. ಉದ್ದ ಹಿಡಿಯ ವೈಪರುಗಳು ಬಂದವು. ಬೋರ್‌ವೆಲ್ ನೀರು ಕಲೆ ಬಿಡುತ್ತದೆಂದು ಕ್ಯಾನುಗಟ್ಟಲೆ ಫಿಲ್ಟರ್ ನೀರು ಬಂತು. ಕಾದ ಗಾಜಿನ ಮೇಲೆ ನೀರು ಹಾಕಬಾರದು ಎಂಬುದು ಪಾರ್ಕಿನ ನಿಯಮ. ಆದ್ದರಿಂದ ಜನ್ಮದಲ್ಲಿ ಬಿಸಿಲು ಕಾಣದ ನಮ್ಮ ಅಡುಗೆಮನೆಯನ್ನೂ ಸೂರ್ಯ ಹುಟ್ಟುವ ಮೊದಲೇ ತೊಳೆಸಿದರು! ನಾನು ಮಂಡಿಯೂರಿ ಸಿಮೆಂಟಿನ ಹನಿಗಳನ್ನು ಬ್ಲೇಡಿನಲ್ಲಿ ಕೆರೆದೆ. ಓಬಳಮ್ಮನ ತಂಗಿ ಬಾಗಿಲ ಸಂದುಗಳಿಂದ ಮರಳು ಕೆದಕಿ ತೆಗೆದಳು. ತೆಗೆದ ಎಂ ಸ್ಯಾಂಡ್ ಎಲ್ಲ ಗೇಟಿನ ಪಕ್ಕ ಗುಡ್ಡೆಯಾಗುತ್ತ ಹೋಯಿತು. ಕೊನೆಗೆ ಓಬಳಮ್ಮ ಒಣಬಟ್ಟೆ ಹಿಡಿದು ಹಾಲಿನ ಟೈಲ್ಸನ್ನು ತಿಕ್ಕಿ ತಿಕ್ಕಿ, ತನ್ನ ತೆಲುಗು ಬೆರೆತ ಕನ್ನಡದಲ್ಲಿ ನನ್ನನ್ನು ಕರೆದಳು.

"ಚೂಡಂಡಿ ಮೇಡಮ್ಮಾ, ನಿಮ್ ಮಕ ಕಾಣಿಸ್ತದೆ."

ನೋಡಿದೆ. ನನ್ನ ಮುಖವೇ! ಕೆದರಿದ ಕೂದಲು, ಮೂಗಿನ ಮೇಲೆ ಸುಣ್ಣ, ಕಿವಿಯಿಂದ ಕಿವಿಗೆ ನಗು. ನಮ್ಮವರು ಬಂದು ನನ್ನ ಪಕ್ಕ ನಿಂತರು, ಅವರ ಬೋಳುತಲೆಯೂ ನೆಲದಲ್ಲಿ ಹೊಳೆಯಿತು. ಗೋಡೆ ಹತ್ತದ ಮದುವೆ ಫೋಟೋ ಕಡೆಗೂ ನೆಲದಲ್ಲಿ ಮೂಡಿತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು. ಜಾರಿ ಬಿದ್ದೇನೆಂದು ಕುಣಿಯಲಿಲ್ಲ.

ಆಗ ಹೊಳೆಯದೆ ಹೋದ ಒಂದು ವಿಷಯ ಈಗ ಹೊಳೆಯುತ್ತಿದೆ. ಗುಡಿಸುವುದು, ಒರೆಸುವುದು, ತಿಕ್ಕುವುದು, ಕೊಡವುವುದು, ಇವೆಲ್ಲ ಇದ್ದದ್ದನ್ನು ತೆಗೆಯುವ ಮಾತುಗಳು. ಸಾರಿಸುವುದು ಎಂಬುದೊಂದು ಮಾತ್ರ ಬೇರೆ ಜಾತಿಯದು. ನನ್ನ ಅಜ್ಜಿ ಸಗಣಿ ಕಲಸಿ ನೆಲ ಸಾರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಮನೆ ಚೊಕ್ಕಟವಾಯಿತು ಎನ್ನುತ್ತಿದ್ದಳು. ಅವಳ ಕಾಲಕ್ಕೆ ನೆಲಕ್ಕೆ ಏನನ್ನಾದರೂ ಹಚ್ಚಿದ ಮೇಲೇ ಚೊಕ್ಕಟ. ನಮ್ಮ ಕಾಲಕ್ಕೆ ಬ್ಲೇಡು ಹಾಕಿ ಕೆರೆದ ಮೇಲೆ.

ಈ ಗಲಾಟೆಯಲ್ಲೆಲ್ಲ ಒಬ್ಬರು ಮಾತ್ರ ಒಳಗೆ ಕಾಲಿಟ್ಟಿರಲಿಲ್ಲ. ನಮ್ಮ ಅತ್ತೆ. ದಿನಾ ಬರುವರು, ಗೇಟಿನಾಚೆ ಚಪ್ಪಡಿಯ ಮೇಲೆ ಕೂರುವರು, ಅಲ್ಲಿಂದಲೇ ಯಾವ ಮೂಲೆ ಬಿಟ್ಟಿದ್ದೇವೆಂದು ಕೂಗಿ ಹೇಳುವರು. ಒಳಗೆ ಬನ್ನಿ ಎಂದರೆ ಒಂದೇ ಉತ್ತರ. "ನಮ್ ಗಂಗೆ ಕಾಲಿಕ್ಕಿದ್ ಮ್ಯಾಕೇ ನಾನು ಕಾಲಿಕ್ಕೋದು. ಅವ್ಳು ಬರ್ದಿದ್ರೆ ನಾನೂ ಬರಾಕಿಲ್ಲ ಕಣಮ್ಮ."

ಗಂಗೆ ಅತ್ತೆಯ ಹಸು. ಹುಟ್ಟಿದಾಗಲೇ ತಾಯಿ ಸತ್ತದ್ದರಿಂದ ಅತ್ತೆಯೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ನಮ್ಮ ಜೊತೆ ಬಾಡಿಗೆ ಮನೆಗೆ ಬರುವಾಗ ಹಸುವಿಗೆ ಜಾಗವೆಲ್ಲಿ? ಬೆಕ್ಕು ಸಾಕಿದರೇ ಮನೆ ಕೊಡದ ಜನ. ಬಡವನಹಳ್ಳಿಯಲ್ಲಿ ತಮ್ಮ ಕೆಂಚಪ್ಪನ ಕೊಟ್ಟಿಗೆಯಲ್ಲಿ ಅದನ್ನು ಕಟ್ಟಿ ಬಂದರು. ಬರುವಾಗ ಅದರ ಕೊರಳು ತಬ್ಬಿಕೊಂಡು, ನಮ್ಮದು ಅಂತ ಒಂದು ಮನೆಯಾದ ದಿನ ನಿನ್ನನ್ನೇ ಮೊದಲು ಕರೆಸುತ್ತೇನೆ ಎಂದು ಮಾತು ಕೊಟ್ಟಿದ್ದರಂತೆ. ಹಸುವಿಗೆ ಕೊಟ್ಟ ಮಾತನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ ಎಂದು ನೀವು ಕೇಳಬಹುದು. ಅತ್ತೆ ಇಡುತ್ತಾರೆ.

ಗೃಹಪ್ರವೇಶದ ಬೆಳಿಗ್ಗೆ ಗಂಗೆ ಲಗೇಜ್ ಆಟೋದಲ್ಲಿ ಮದುವಣಗಿತ್ತಿಯ ಹಾಗೆ ಬಂದಳು. ಕೊಂಬಿಗೆ ಅರಿಸಿನ, ಕೊರಳಿಗೆ ಹೂವು, ಬೆನ್ನ ಮೇಲೆ ಹೊಸ ರವಿಕೆ ಕಣ. ಅತ್ತೆ ಅವಳ ಕಾಲು ತೊಳೆದು ಕುಂಕುಮ ಇಟ್ಟರು. ಓಬಳಮ್ಮನೂ ಜರಿಸೀರೆ ಉಟ್ಟು ಬಂದು ತಾನು ತಿಕ್ಕಿದ ನೆಲವನ್ನು ನೆಂಟರಿಗೆಲ್ಲ ತೋರಿಸುತ್ತಿದ್ದಳು. ಪೂಜೆಗೆ ಬಂದಿದ್ದ ಅಯ್ನೋರು ಒಳಗಿನಿಂದಲೇ, ಹಸುವನ್ನು ಕರೆತನ್ನಿ ಎಂದರು. ಗಂಗೆ ಹೊಸ್ತಿಲು ದಾಟಿ ಮುಂಗಾಲು ಒಳಗಿಟ್ಟಳು. ಆ ಕಾಲು ಚರ್ರನೆ ಮುಂದಕ್ಕೆ ಜಾರಿತು. ಅವಳು ಹೇಗೋ ಸಾವರಿಸಿಕೊಂಡು, ಕಾಲು ಹಿಂದಕ್ಕೆ ಎಳೆದುಕೊಂಡು, ನೆಲದ ಕಡೆ ಮೂತಿ ಚಾಚಿದಳು. ಅಲ್ಲಿ ಇನ್ನೊಂದು ಹಸು, ಕೊಂಬಿಗೆ ಅರಿಸಿನ ಹಚ್ಚಿಕೊಂಡು, ಇವಳನ್ನೇ ನೋಡುತ್ತಿತ್ತು.

ಅಷ್ಟೇ. ಇನ್ನು ಬರಲೊಲ್ಲಳು. ಕೆಂಚಪ್ಪ ಮಾವ ಹಗ್ಗ ಎಳೆದರು, ನಮ್ಮವರು ಹಿಂದಿನಿಂದ ತಳ್ಳಿದರು. ಬಾಳೆಹಣ್ಣು ತೋರಿಸಿದರೆ ಕತ್ತು ಉದ್ದ ಮಾಡಿ ಹಣ್ಣು ತಿಂದಳು, ಕಾಲು ಮಾತ್ರ ಕೀಳಲಿಲ್ಲ. ಬೆಲ್ಲವನ್ನೂ ಅದೇ ರೀತಿ ತಿಂದಳು. ನೆಂಟರಿಗೆ ನಗು ತಡೆಯಲಾಗಲಿಲ್ಲ, ನನಗೂ ಬಂತು ಎಂದು ಹೇಳಿದರೆ ಸುಳ್ಳಲ್ಲ. ಅಯ್ನೋರು ಗಡಿಯಾರ ನೋಡಿದರು. ಹೊತ್ತು ಮೀರುತ್ತಿದೆ, ಪಕ್ಕದ ಬೀದಿಯಲ್ಲೊಂದು ಪುಟ್ಟ ಕರು ಇದೆಯಂತೆ, ಎತ್ತಿಕೊಂಡು ಬಂದರೂ ಆಗುತ್ತದೆ, ಶಾಸ್ತ್ರಕ್ಕೆ ಅಡ್ಡಿಯಿಲ್ಲ ಎಂದರು. ಒಬ್ಬರು ಕರು ತರಲು ಹೊರಟೂ ಬಿಟ್ಟರು.

ಆಗ ಅತ್ತೆಯ ಮುಖ ನೋಡಿದೆ, ನನ್ನ ನಗು ನಿಂತಿತು. ಅವರು ಬೇಡವೆನ್ನಲಿಲ್ಲ, ಸಿಟ್ಟಾಗಲಿಲ್ಲ. ಗಂಗೆಯ ಬೆನ್ನು ಸವರಿ, "ಅವ್ಳ ತಪ್ಪೇನೈತೆ ಬುಡಿ. ಇಂಗೆ ಕನ್ನಡಿ ಹಾಸಿಕ್ಕಿದ್ರೆ ಬಡಜೀವ ಅದೆಂಗೆ ಬಂದಾತು?" ಎಂದು ಮೆಲ್ಲಗೆ ಅಂದು, ಮತ್ತೆ ಆ ಚಪ್ಪಡಿಯ ಕಡೆ ನಡೆದರು. ನಮ್ಮ ಕಲೆ ಮುಚ್ಚಲು ಅಂದು ಚಾಪೆಯ ಮೇಲೆ ಕದಲದೆ ಕೂತಿದ್ದ ಜೀವ. ಇವತ್ತು ನಮ್ಮ ಹೊಳಪಿನ ದೆಸೆಯಿಂದ ಬೀದಿಯ ಕಲ್ಲಿನ ಮೇಲೆ ಕೂರಬೇಕೆ?

ಗೇಟಿನ ಪಕ್ಕದ ಮರಳಿನ ಗುಡ್ಡೆ ಕಣ್ಣಿಗೆ ಬಿತ್ತು. ಮೇಸ್ತ್ರಿ ಬಿಟ್ಟು ಹೋದ ಬಾಣಲಿ ಅಲ್ಲೇ ಇತ್ತು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಬಾಣಲಿ ತುಂಬಿದೆ, ಒಳಗೆ ಹೋಗಿ ಆ ಹೊಳೆಯುವ ನೆಲದ ನಡುಮಧ್ಯೆ ಸುರಿದೇ ಬಿಟ್ಟೆ.

"ಏಯ್, ಏನೇ ಇದು? ತಲೆಗಿಲೆ ಕೆಟ್ಟೈತಾ?" ನಮ್ಮವರ ದನಿ ಕೀರಲಾಯಿತು.

"ಲಾಸಾದ್ರೆ ಆಗ್ಲಿ, ಸುಮ್ನಿರಿ" ಎಂದು ಇನ್ನೊಂದು ಬಾಣಲಿಗೆ ಓಡಿದೆ. ಓಬಳಮ್ಮ ಒಂದು ಗಳಿಗೆ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಳು. ಆಮೇಲೆ ಅವಳಿಗೂ ನಗು ಬಂತು, ಜರಿಸೀರೆ ಎತ್ತಿ ಕಟ್ಟಿ ಅವಳೂ ಬೊಗಸೆಯಲ್ಲಿ ಎರಚತೊಡಗಿದಳು. ವಾರವೆಲ್ಲ ಸಂದುಗೊಂದಿನಿಂದ ಕೆದಕಿ ತೆಗೆದ ಮರಳು ಬಾಗಿಲಿನಿಂದ ದೇವರ ಮನೆಯವರೆಗೆ ಮರಳಿ ಹಾಸಿಕೊಂಡಿತು. ನಿಮ್ಮಾಣೆ, ತೆಗೆಯುವಾಗ ಸಿಗದ ಖುಷಿ ಅದನ್ನು ಎರಚುವಾಗ ಸಿಕ್ಕಿತು. ಹಬ್ಬದಲ್ಲಿ ಬಣ್ಣ ಎರಚುವ ಹುಡುಗಿಯ ಹಾಗಾಗಿದ್ದೆ.

ಗಂಗೆ ಮರಳನ್ನು ಮೂಸಿದಳು. ಒಂದು ಕಾಲು ಇಟ್ಟಳು, ಜಾರಲಿಲ್ಲ. ಇನ್ನೊಂದು ಇಟ್ಟಳು. ಆಮೇಲೆ ತನ್ನ ಕೊಟ್ಟಿಗೆಗೆ ಹೋಗುವ ಹಾಗೆ ನಿಧಾನವಾಗಿ, ಯಾರ ಹಂಗೂ ಇಲ್ಲದೆ ಒಳಗೆ ನಡೆದಳು. ಅವಳ ಬೆನ್ನ ಮೇಲೆ ಕೈಯಿಟ್ಟು ಅತ್ತೆಯೂ ನಡೆದರು. ದೇವರ ಮನೆಯ ಮುಂದೆ ನಿಂತು ಗಂಗೆ ಬಾಲ ಎತ್ತಿ ಏನು ಮಾಡಬೇಕಿತ್ತೋ ಎರಡನ್ನೂ ಧಾರಾಳವಾಗಿ ಮಾಡಿದಳು. ಅಯ್ನೋರು ಶುಭವಾಯಿತು ಎಂದರು, ನೆಂಟರು ಚಪ್ಪಾಳೆ ತಟ್ಟಿದರು, ನಮ್ಮವರು ಕಣ್ಣು ಮುಚ್ಚಿಕೊಂಡರು. ಅತ್ತೆ ನನ್ನ ಕಡೆ ತಿರುಗಿ, "ಬಂದ್ಬುಟ್ಲು ಕಣಮ್ಮ" ಎಂದರು. ಅವರ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಮರಳಿನ ಪುಡಿ ಬಿದ್ದಿದೆ ಎಂದು ಎಲ್ಲರಿಗೂ ಹೇಳಿದೆ.

ಗೃಹಪ್ರವೇಶದ ದಿನ ಮನೆ ಗುಡಿಸಬಾರದಂತೆ, ಬಂದ ಲಕ್ಷ್ಮಿಯೂ ಹೊರಟುಹೋಗುತ್ತಾಳಂತೆ. ಹೀಗಾಗಿ ಆ ದಿನವಿಡೀ ನೆಂಟರು ಮರಳು ತುಳಿದರು, ಮರಳಿನ ಮೇಲೆ ಎಲೆ ಹಾಕಿ ಊಟ ಮಾಡಿದರು, ನನ್ನ ಕೈಯಲ್ಲಿ ಪೊರಕೆಯಿಲ್ಲ. ನನ್ನಂಥವಳಿಗೆ ಇದು ಉಪವಾಸಕ್ಕಿಂತ ಕಠಿಣ ವ್ರತ. ಆದರೂ ರಾತ್ರಿ ಅಂಗಾಲಿಗೆ ಹತ್ತಿದ ಮರಳನ್ನು ಒರೆಸದೆ ಮಲಗಿದವಳಿಗೆ ಎಂಥ ನಿದ್ದೆ ಬಂತು ಅಂತೀರಿ!

ಬೆಳಿಗ್ಗೆ ಎದ್ದು ಗುಡಿಸಿದೆ. ಮರಳು ಹೋಯಿತು, ಸಗಣಿಯ ಗುರುತು ಹೋಯಿತು. ಬಾಗಿಲಿನ ಹತ್ತಿರ ಮಾತ್ರ ಟೈಲ್ಸಿನ ಮೇಲೊಂದು ಗೆರೆ ಉಳಿಯಿತು, ಗಂಗೆಯ ಗೊರಸು ಜಾರಿದ ಗೆರೆ. ಒದ್ದೆಬಟ್ಟೆ ಹಾಕಿ ತಿಕ್ಕಿದೆ, ಹುಣಸೆಹಣ್ಣು ಹಾಕಿ ತಿಕ್ಕಿದೆ, ಹೋಗಲಿಲ್ಲ. ಓನರಮ್ಮ ಬಂದು ನೋಡಿದರೆ ಏನಂದಾರು? ಚಾಪೆ ಎಲ್ಲಿದೆ ಎಂದು ಹುಡುಕಲು ಓಡಿದೆ. ಚಾಪೆಯ ಮೇಲೆ ಅತ್ತೆ, ತಮ್ಮದೇ ಮನೆಯಲ್ಲಿ, ಕೈಕಾಲು ಚಾಚಿ ಹಾಯಾಗಿ ಮಲಗಿದ್ದರು.

ಅವರನ್ನು ಎಬ್ಬಿಸಲಿಲ್ಲ. ವಾಪಸು ಬಂದು ಆ ಗೆರೆಯ ಪಕ್ಕ ಕೂತೆ. ಹೊಳೆಯುವ ನೆಲದಲ್ಲಿ ಈ ಮನೆಯ ಓನರಮ್ಮ ಕಾಣಿಸಿದಳು, ಕೆದರಿದ ಕೂದಲು, ಕೈಯಲ್ಲಿ ಹುಣಸೆಹಣ್ಣು. ಪರವಾಗಿಲ್ಲ, ಒಳ್ಳೆಯ ಹೆಂಗಸು. ಬೆರಳಾಡಿಸಿ ಗೆರೆ ನೋಡಿದಳು, ನಕ್ಕಳು, ಏನೂ ಅನ್ನಲಿಲ್ಲ.