ಕೊನೆಯ ಇಪ್ಪತ್ತು ನಿಮಿಷ

ಸಿನಿಮಾ ವಿಮರ್ಶಕನಿಗೆ ವಿಧಿಸಿರುವ ನಿಷೇಧ ಒಂದೇ: ಕಥೆಯ ಕೊನೆಯನ್ನು ಹೇಳಕೂಡದು. ನಾಯಕನ ಮುಖದಲ್ಲಿ ಮರದ ಹಲಗೆಯಷ್ಟೂ ಭಾವವಿಲ್ಲ ಎನ್ನಬಹುದು, ನಿರ್ದೇಶಕನ ಬುದ್ಧಿಯನ್ನೇ ಶಂಕಿಸಬಹುದು. ಆದರೆ ಕೊಲೆಗಾರ ಯಾರೆಂದು ಬಾಯಿಬಿಟ್ಟಿರೋ, ಓದುಗರ ಪಾಲಿಗೆ ನೀವೇ ಕೊಲೆಗಾರರು. ಈ ನಿಯಮವನ್ನು ಹನ್ನೊಂದು ವರ್ಷ ನಾನು ಎಷ್ಟು ನಿಷ್ಠೆಯಿಂದ ಪಾಲಿಸಿದೆನೆಂದರೆ, ಅದರ ಹಿಂದಿನ ಕಾರಣವನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ನಮ್ಮದು ಮೂರು ತಲೆಮಾರಿನಿಂದ ಮದರಾಸಿನಲ್ಲಿ ನೆಲೆಸಿದ ವೈಷ್ಣವ ಕುಟುಂಬ. ಈಗ ಇರುವುದು ಮಾಧವರಂನಲ್ಲಿ. ಇಲ್ಲಿನ ಕನ್ನಡಿಗರಿಗಾಗಿ ಹೊರಡುವ ಒಂದು ಮಾಸಪತ್ರಿಕೆಯಲ್ಲಿ ನನ್ನದೊಂದು ಅಂಕಣವಿದೆ. ಕೊರಿಯಾದ ಸಿನಿಮಾವನ್ನು ಇಂಗ್ಲಿಷ್ ಅಡಿಬರಹದಲ್ಲಿ ಅರ್ಥಮಾಡಿಕೊಂಡು, ತಮಿಳು ಮಾತಾಡುವ ಬೀದಿಯಲ್ಲಿ ಕುಳಿತು, ಕನ್ನಡದಲ್ಲಿ ವಿಮರ್ಶಿಸುವ ಈ ಸಾಹಸವನ್ನು ನನ್ನ ಮಗಳೂ ಓದಲಾರಳು. ಕೊರಿಯಾದ ಧಾರಾವಾಹಿಗಳ ಕೃಪೆಯಿಂದ ಆ ದೇಶದ ಲಿಪಿಯನ್ನು ಕಲಿತಿರುವ ಅವಳಿಗೆ ಕನ್ನಡದ ಅಕ್ಷರ ಬಾರದು. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರಿಸುತ್ತಾಳೆ.

ತಿಂಗಳಿಗೆ ನಾಲ್ಕು ಚಿತ್ರಗಳು. ಲಿಫ್ಟಿನಲ್ಲಿ ವಾಸಿಸುವ ಕೊರಿಯಾದ ದೆವ್ವ, ಸ್ಪೇನಿನ ಅಡುಗೆಮನೆಯಲ್ಲೊಂದು ಕೊಲೆ, ಎರಡು ಗಂಟೆ ಯಾರೂ ಮಾತಾಡದ ಪೋಲೆಂಡಿನ ಪ್ರೇಮ, ಇವನ್ನೆಲ್ಲ ಒಂದೇ ಭಾನುವಾರ ಮುಗಿಸಬೇಕಾದ ಬಡಪಾಯಿ ಮೊದಮೊದಲು ಒಂದೂವರೆ ಪಟ್ಟು ವೇಗದಲ್ಲಿ ನೋಡಲು ಕಲಿತ. ಆಮೇಲೆ ಅವನಿಗೊಂದು ಜ್ಞಾನೋದಯವಾಯಿತು: ಹೇಗೂ ಹೇಳಬಾರದ ಕೊನೆಯನ್ನು ನೋಡಿ ಆಗಬೇಕಾದ್ದೇನು? ಅಂದಿನಿಂದ ಇಪ್ಪತ್ತು ನಿಮಿಷ ಬಾಕಿಯಿರುವಾಗಲೇ ಚಿತ್ರ ನಿಲ್ಲಿಸಿ, "ಮುಂದೇನಾಯಿತು ಎಂಬುದನ್ನು ತೆರೆಯ ಮೇಲೆಯೇ ನೋಡಿ" ಎಂದು ಗಂಭೀರವಾಗಿ ಬರೆದು ನಕ್ಷತ್ರಗಳನ್ನು ಹಂಚುತ್ತ ಬಂದೆ. ಯಾರೂ ಪತ್ತೆಹಚ್ಚಲಿಲ್ಲ. ಓದುವವರಿದ್ದರಲ್ಲವೇ ಪತ್ತೆಹಚ್ಚಲು!

ಒಬ್ಬರಿದ್ದರು, ಅತ್ತೆ. ನಮ್ಮ ತಂದೆಯ ತಂಗಿ; ನಾನು ಹುಡುಗನಾಗಿದ್ದಾಗಿನಿಂದಲೂ ನಮ್ಮೊಡನೆಯೇ ಇರುವವರು. ಅವರ ಯಜಮಾನರು ಎಣ್ಣೂರಿನ ಕಡೆ ಕೆಲಸದಲ್ಲಿದ್ದರು. ಒಂದು ಬೆಳಿಗ್ಗೆ "ಟಿ. ನಗರಕ್ಕೆ ಹೋಗಿ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿ ಹೋದವರು ಹಿಂತಿರುಗಲಿಲ್ಲ. ಆ ಪೇಟೆಯ ಜನಜಂಗುಳಿಯಲ್ಲಿ ಮಕ್ಕಳು ಕಳೆದುಹೋಗುವುದುಂಟು, ಮೀಸೆ ಹೊತ್ತ ಗಂಡಸು ಹೇಗೆ ಕಳೆದುಹೋದಾನು ಎಂದು ನೆಂಟರು ಆಡಿಕೊಂಡರು. ನಲವತ್ತು ವರ್ಷವಾಯಿತು. ಅತ್ತೆ ಇವತ್ತಿಗೂ ಹಣೆಗೆ ಕುಂಕುಮ ಇಡುತ್ತಾರೆ, ಹಬ್ಬಕ್ಕೆ ಬಳೆ ತೊಡುತ್ತಾರೆ. ಆ ವಿಷಯವನ್ನು ನಾವ್ಯಾರೂ ಎತ್ತುವುದಿಲ್ಲ.

ಅತ್ತೆ ಸಿನಿಮಾ ನೋಡಿದವರಲ್ಲ, ನನ್ನ ಅಂಕಣ ಓದಿದವರು. ಭೂತಗನ್ನಡಿ ಹಿಡಿದು ಎರಡೆರಡು ಸಲ ಓದುತ್ತಿದ್ದರು. ಲೆಕ್ಕ ಹಾಕಿದರೆ ಐನೂರು ಚಿತ್ರಗಳ ಕಥೆ ಅವರಿಗೆ ಗೊತ್ತು. ಒಂದರ ಕೊನೆಯೂ ಗೊತ್ತಿಲ್ಲ. ಕಳೆದ ವರ್ಷ ಅವರ ಕಣ್ಣು ಪೂರ್ತಿ ಹೋಯಿತು. ಅಂದಿನಿಂದ ಪತ್ರಿಕೆಗೆ ಕಳಿಸುವ ಮೊದಲು ನಾನೇ ಓದಿ ಹೇಳುತ್ತೇನೆ. ನಡುನಡುವೆ "ಶರಿ, ಅಪ್ಪುರಂ?" ಎಂದು ತಮಿಳಿನಲ್ಲೇ ಮುಂದಿನದನ್ನು ಕೇಳುವುದು ಅವರ ವಾಡಿಕೆ.

ಈ ತಿಂಗಳು ಓದಿದ್ದು ಕೊರಿಯಾದ ಒಂದು ಮೀನುಗಾರರ ಹಳ್ಳಿಯ ಚಿತ್ರದ ವಿಮರ್ಶೆ. ದೋಣಿಯಲ್ಲಿ ಹೋದ ಗಂಡ ಬಾರದೆ ಎಷ್ಟೋ ವರ್ಷಗಳಾಗಿವೆ. ಹೆಂಡತಿ ದಿನವೂ ಅವನ ಬಟ್ಟಲಿಗೆ ಅನ್ನ ಬಡಿಸಿ ಮುಚ್ಚಿಡುತ್ತಾಳೆ. ನಾಲ್ಕು ನಕ್ಷತ್ರ ಕೊಟ್ಟಿದ್ದೆ. ಕಥೆಯನ್ನು ಆಯ್ದುಕೊಳ್ಳುವಾಗಲಾಗಲಿ ಬರೆಯುವಾಗಲಾಗಲಿ ಇದನ್ನು ಕೇಳುವವರು ಯಾರೆಂಬ ಯೋಚನೆ ನನ್ನ ತಲೆಗೆ ಸುಳಿಯಲಿಲ್ಲ. "ಅವನು ಬಂದನೇ? ತೆರೆಯ ಮೇಲೆಯೇ ನೋಡಿ" ಎಂದು ಮುಗಿಸಿದೆ. ಅತ್ತೆ "ಅಪ್ಪುರಂ?" ಎನ್ನಲಿಲ್ಲ.

"ಬಂದ್ನೇನೋ?" ಎಂದರು.

"ಕೊನೆ ಹೇಳಬಾರದು ಅತ್ತೆ. ವಿಮರ್ಶೆಯ ಧರ್ಮ ಅದು."

"ನಂಗೆ ಕಣ್ಣೇ ಇಲ್ಲ. ನಾನೆಲ್ಲಿ ಹೋಗಿ ನೋಡ್ಲಿ? ಯಾರಿಗೋಸ್ಕರ ಮುಚ್ಚಿಡ್ತೀಯ?"

ನೋಡಿಲ್ಲ ಎನ್ನುವ ಧೈರ್ಯ ಇರಲಿಲ್ಲ. "ಬಂದ ಅತ್ತೆ," ಎಂದುಬಿಟ್ಟೆ.

ಕುರುಡು ಕಣ್ಣುಗಳು ನನ್ನತ್ತ ತಿರುಗಿದವು. "ಬಂದ್ನಾ! ಬಂದೋನ್ನ ಅವಳು ಏನು ಕೇಳಿದ್ಲು?"

"ಊಟ ಆಯ್ತಾ ಅಂತ ಕೇಳಿದಳು."

ಐನೂರು ಚಿತ್ರಗಳ ಅನುಭವ ಒಟ್ಟುಗೂಡಿ ನನಗೆ ಒದಗಿಸಿದ ಸಂಭಾಷಣೆ ಇಷ್ಟೇ.

"ನೀನು ನೋಡಿಲ್ಲ ಕಣೋ," ಎಂದರು ಅತ್ತೆ, ಕೋಪವಿಲ್ಲದೆ. "ಊಟ ಆಯ್ತಾ ಅಂತ ಯಾರೂ ಕೇಳಲ್ಲ. ಇಷ್ಟು ವರ್ಷ ಎಲ್ಲಿದ್ದೆ ಅಂತ ಕೇಳ್ತಾರೆ. ನಲವತ್ತು ವರ್ಷದಿಂದ ಅದೊಂದೇ ಮಾತು ಇಟ್ಕೊಂಡು ಕೂತಿದೀನಿ. ನಂಗೊತ್ತಿಲ್ವಾ?"

ನಲವತ್ತು ವರ್ಷದಲ್ಲಿ ಅವರು ಆ ಮಾತೆತ್ತಿದ್ದು ಅದೇ ಮೊದಲು. ಓದುಗರೇ, ನನ್ನ ಬರವಣಿಗೆಗೆ ಬಂದ ಟೀಕೆಗಳೇ ಕಡಿಮೆ. ಬಂದವುಗಳಲ್ಲಿ ನ್ಯಾಯವಾದದ್ದು ಇದೊಂದೇ. ನನಗೆ ಬರೆಯಲು ಬರುವುದಿಲ್ಲ ಎಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನನ್ನನ್ನು ನಂಬಿ ಓದಿದ ಒಂದೇ ಒಂದು ಜೀವಕ್ಕೆ ಹನ್ನೊಂದು ವರ್ಷ ಅರ್ಧ ನೋಡಿದ್ದನ್ನು ಬಡಿಸಿದ್ದೆ. ಅಷ್ಟು ಹೇಸಿಗೆ ನನ್ನ ಮೇಲೆ ನನಗೆ ಎಂದೂ ಆಗಿರಲಿಲ್ಲ.

ಮಧ್ಯಾಹ್ನ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಬಿಟ್ಟಿದ್ದ ಇಪ್ಪತ್ತು ನಿಮಿಷವನ್ನು ಅದರದೇ ವೇಗದಲ್ಲಿ ನೋಡಿದೆ. ಅವನು ಬರುವುದಿಲ್ಲ. ಕೊನೆಗೊಂದು ದಿನ ಆ ಹೆಂಗಸು ಮುಚ್ಚಿಟ್ಟ ಅನ್ನವನ್ನು ತಾನೇ ಉಂಡು, ಬಟ್ಟಲು ತೊಳೆದು ಕವುಚಿ ಹಾಕುತ್ತಾಳೆ. ಅಷ್ಟೇ.

ಸಂಜೆ ಕಾಫಿ ಕೊಡಲು ಹೋದಾಗ ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದರು: "ನೋಡಿದ್ಯೇನೋ?"

ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿಗೆ, ನಾನು ವಿಮರ್ಶಿಸಿದ ಕಥೆಯ ಕೊನೆ ನನಗೆ ಗೊತ್ತಿತ್ತು.

"ಇನ್ನೂ ಇಲ್ಲ ಅತ್ತೆ," ಎಂದೆ.