ಮೂರನೆಯ ತಗ್ಗು

ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದುಹೋದಾಗ ನಕ್ಷತ್ರದ ಬೆಳಕು ತುಸು ಕುಂದುತ್ತದೆ. ಆ ಬೆಳಕನ್ನು ಅಳೆದು ನಾವು ಬರೆಯುವ ಗೆರೆಯಲ್ಲಿ ಅದು ಒಂದು ಸಣ್ಣ ತಗ್ಗು. ಸಮ ಅಂತರದಲ್ಲಿ ಮೂರು ತಗ್ಗು ಕಂಡರೆ ಮಾತ್ರ ನಮ್ಮ ಸಂಶೋಧಕರ ಗುಂಪಿನಲ್ಲಿ ಗ್ರಹದ ಮಾತೆತ್ತಬಹುದು. ನನಗೆ ಎರಡು ಸಿಕ್ಕಿದ್ದವು. ಲೆಕ್ಕದ ಪ್ರಕಾರ ಆ ಗ್ರಹ ಹದವಾದ ದೂರದಲ್ಲಿತ್ತು. ಅಲ್ಲಿ ನೀರಿದ್ದರೆ ಹೆಪ್ಪುಗಟ್ಟದೆ, ಆವಿಯಾಗದೆ ಉಳಿಯುವಷ್ಟು. ಆದರೆ ಮೂರನೆಯದು ಬರಬೇಕಾದ ದಿನ ಗೆರೆ ಸಪಾಟಾಗಿತ್ತು. ಎರಡು ವರ್ಷದ ಕೆಲಸ ಹೋದಂತೆಯೇ.

ಮಯೂರ್ ವಿಹಾರ ಬಡಾವಣೆಯ ನಮ್ಮ ಮನೆಯ ಬಾಲ್ಕನಿಯಲ್ಲಿ ಹೆಂಡತಿ ಚಳಿಗಾಲದ ಬಿಸಿಲಿಗೆ ಮೈ ಕಾಯಿಸುತ್ತಾ ಕಡಲೆಕಾಯಿ ಸುಲಿಯುತ್ತಿದ್ದಳು. ಅಲ್ಲ, ತಾನು ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದೆ ಎನ್ನುತ್ತಾಳೆ ಅವಳು. ಇರಬಹುದು, ಬಿಸಿಲನ್ನು ಆಮೇಲೆ ನಾನೇ ಸೇರಿಸಿರಬೇಕು. ಆಡಿದ ಮಾತು ಮಾತ್ರ ಇಬ್ಬರಿಗೂ ನೆನಪಿದೆ.

ಅವಳು ನನ್ನ ಲ್ಯಾಪ್‌ಟಾಪ್ ಕಡೆ ಬಗ್ಗಿ, "ಇದೇನ್ರೀ, ಇಸ್ತ್ರಿ ಮಾಡಿದ ಹಾಗಿದೆ?" ಎಂದಳು.

"ದೂರದರ್ಶಕ ನಡುಗಿದ್ದು, ಅಳತೆಯಲ್ಲಿ ಸೇರಿದ ಗದ್ದಲ, ಎಲ್ಲ ತೆಗೆದಿದ್ದೀನಿ."

"ಅಚ್ಛಾ. ನನ್ನ ಸೀರೆ ಕಲೆ ತೆಗೆದ್ರಲ್ಲ, ಹಾಗೆ."

ನಾನು ಉಜ್ಜಿದ ಆ ಸೀರೆಯಲ್ಲಿ ಕಲೆಯ ಜೊತೆ ಬಣ್ಣವೂ ಹೋಗಿತ್ತು.

ಶುಚಿ ಮಾಡದ ಮೂಲ ಅಳತೆಗಳನ್ನು ತೆರೆದೆ. ಗದ್ದಲದ ನಡುವೆ, ಲೆಕ್ಕ ಹೇಳಿದ ಗಂಟೆಗೇ, ಮೂರನೆಯ ತಗ್ಗು ಇತ್ತು. ಆ ದಿನ ನಡುಕ ಜಾಸ್ತಿಯಿತ್ತೆಂದು ಅಷ್ಟು ಭಾಗವನ್ನು ನಾನೇ ಹೆಚ್ಚು ಉಜ್ಜಿ ಅಳಿಸಿಬಿಟ್ಟಿದ್ದೆ.

"ಸಿಕ್ತಾ?"

"ಸಿಕ್ತು."

"ಚಲೋ, ಈಗ ಇದನ್ನ ಸುಲೀರಿ," ಎಂದು ಬುಟ್ಟಿಯನ್ನು ನನ್ನ ಕಡೆ ತಳ್ಳಿದಳು. ಕಡಲೆಕಾಯಿಯೋ ಬಟಾಣಿಯೋ, ಅಷ್ಟನ್ನೂ ಖುಷಿಯಿಂದ ಸುಲಿದೆ.